ಮಿಕ್ಸಿಗೆ ಕಿರುಚುವ ಮಗು ತಾನೇ ತಟ್ಟೆ ಬಡಿಯುವುದೇಕೆ?

ಪ್ರಶ್ನೆ: ನನ್ನ ಮಗನಿಗೆ ಮೂರೂವರೆ ವರ್ಷ. ನಾಲ್ಕು ತಿಂಗಳ ಹಿಂದೆ ಡಾಕ್ಟರು ಆಟಿಸಂ ಇದೆ ಎಂದರು. ಮಾತು ಕಡಿಮೆ, ಇಪ್ಪತ್ತು ಪದ ಇರಬಹುದು. ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಆದರೆ ತಾನೇ ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಡಿಯುತ್ತಾ ಅರ್ಧ ಗಂಟೆ ಕೂರುತ್ತಾನೆ. ಉಗುರು ಕತ್ತರಿಸಲು ಇಬ್ಬರು ಹಿಡಿದುಕೊಳ್ಳಬೇಕು. ಬಿದ್ದು ಮಂಡಿ ತರಚಿ ರಕ್ತ ಬಂದರೂ ಅಳುವುದಿಲ್ಲ. ಅಂಗಿಯ ಕಾಲರ್ ಅಗಿಯುತ್ತಾನೆ, ಸೋಫಾದಿಂದ ಹಾರುತ್ತಲೇ ಇರುತ್ತಾನೆ. ಮನೆಯ ಹಿರಿಯರು ಎಲ್ಲ ಹಟ, ನಾಟಕ ಅನ್ನುತ್ತಾರೆ. ಥೆರಪಿಸ್ಟ್ ಒಬ್ಬರು ಸೆನ್ಸರಿ ಸಮಸ್ಯೆ, ಅಂದರೆ ಇಂದ್ರಿಯಗಳ ಸಂವೇದನೆಯ ತೊಂದರೆ ಎಂದು ಹೇಳಿ, ದಿನಕ್ಕೆ ಹಲವು ಸಲ ಮೈಗೆ ಬ್ರಷ್ ಉಜ್ಜಲು, ಭಾರದ ಜಾಕೆಟ್ ಹಾಕಲು ಸೂಚಿಸಿದ್ದಾರೆ. ಇದು ನಿಜಕ್ಕೂ ಕೆಲಸ ಮಾಡುತ್ತದಾ? ಅವನನ್ನು ಶಬ್ದಕ್ಕೆ ರೂಢಿ ಮಾಡಿಸಬೇಕಾ, ಶಬ್ದದಿಂದ ದೂರ ಇಡಬೇಕಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತಿದ್ದು ಆ ತಟ್ಟೆಯ ಮೇಲೆ. ಮನೆಯವರು ಅದನ್ನೇ ಹಟಕ್ಕೆ ಸಾಕ್ಷಿ ಮಾಡಿಕೊಂಡಿರುತ್ತಾರೆ. 'ಶಬ್ದ ಅಷ್ಟು ಕಷ್ಟ ಆದರೆ ತಾನೇ ಯಾಕೆ ಬಡಿಯುತ್ತಾನೆ?' ಅನ್ನುವುದು ಸಹಜವೇ. ನನಗೆ ಮಾತ್ರ ಅದು ಉಲ್ಟಾ ಸಾಕ್ಷಿಯಾಗಿ ಕಾಣುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಅಂಗಾಲಿಗೆ ನೀವೇ ಕಚಗುಳಿ ಇಟ್ಟುಕೊಳ್ಳಿ. ನಗು ಬರುವುದಿಲ್ಲ. ಬೇರೆಯವರು ಇಟ್ಟರೆ ಕಾಲು ತಾನಾಗಿ ಹಿಂದೆ ಬರುತ್ತದೆ. ಚರ್ಮ ಅದೇ, ಮುಟ್ಟುವುದೂ ಹಾಗೇ. ವ್ಯತ್ಯಾಸ ಏನೆಂದರೆ, ನಿಮ್ಮ ಕೈ ಹೊರಡುವ ಮೊದಲೇ ಮಿದುಳಿಗೆ ಸುದ್ದಿ ಮುಟ್ಟಿರುತ್ತದೆ. 'ಈಗ ಇಲ್ಲಿ ಇಷ್ಟು ತಾಗುತ್ತೆ' ಎಂದು ಅದು ಮೊದಲೇ ಲೆಕ್ಕ ಹಾಕಿ, ಬಂದ ಸಂವೇದನೆಯ ಸದ್ದು ಅಡಗಿಸುತ್ತದೆ. ಮಾತಾಡುವಾಗಲೂ ಹೀಗೆಯೇ. ದನಿ ಹೊರಡುವ ಮುಂಚೆಯೇ ನಡುಕಿವಿಯ ಒಂದು ಪುಟ್ಟ ಸ್ನಾಯು ಬಿಗಿಯಾಗುತ್ತದೆ, ನಮ್ಮ ದನಿ ನಮ್ಮ ಕಿವಿಗೇ ಬಡಿಯದ ಹಾಗೆ.

ತಟ್ಟೆ ಬಡಿಯುವಾಗ ನಿಮ್ಮ ಮಗನಿಗೆ ಎಲ್ಲ ಗೊತ್ತು. ಯಾವಾಗ ಶಬ್ದ ಬರುತ್ತದೆ, ಎಷ್ಟು ಜೋರು, ಯಾವಾಗ ನಿಲ್ಲುತ್ತದೆ, ಎಲ್ಲವೂ ಅವನ ಕೈಯಲ್ಲಿದೆ. ಮಿಕ್ಸಿ ಹಾಗಲ್ಲ. ಅದು ಹೇಳದೆ ಕೇಳದೆ ಬರುತ್ತದೆ. ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ. ನಿಂತಿತು ಅಂದುಕೊಂಡರೆ ಮತ್ತೆ ಶುರು. ನಿಮಗೆ ಅದು ಒಂದು ನಿಮಿಷದ ಕೆಲಸ, ಯಾಕೆಂದರೆ ಜಾರ್ ಒಳಗೆ ಏನಿದೆ, ಎಷ್ಟು ನುಣ್ಣಗಾಗಬೇಕು ಎಂದು ನಿಮಗೆ ಗೊತ್ತು. ಅವನಿಗೆ ಆ ಒಂದು ನಿಮಿಷಕ್ಕೆ ಕೊನೆಯೇ ಇಲ್ಲ.

ಇನ್ನೊಂದು ವಿಷಯ ಇದೆ. ಫ್ಯಾನ್ ಹಾಕಿದ ಸ್ವಲ್ಪ ಹೊತ್ತಿಗೆ ಅದರ ಸದ್ದು ನಮಗೆ ಕೇಳಿಸುವುದೇ ನಿಂತುಹೋಗುತ್ತದೆ, ಅಲ್ವಾ? ಮಿದುಳು ಅದನ್ನು ಬದಿಗೆ ಸರಿಸಿಬಿಡುತ್ತದೆ. ಸೂಕ್ಷ್ಮತೆ ಜಾಸ್ತಿ ಇರುವ ಆಟಿಸಂ ಮಕ್ಕಳಲ್ಲಿ ಈ ಸರಿಸುವ ಕೆಲಸ ಸಲೀಸಾಗಿ ಆಗುವುದಿಲ್ಲ. ಮಿದುಳಿನ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನಗಳಲ್ಲಿ ಇದು ಕಂಡಿದೆ. ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗ ಬೇರೆ ಮಕ್ಕಳಲ್ಲಿ ಬೇಗ ತಣ್ಣಗಾಗುತ್ತದೆ, ಇವರಲ್ಲಿ ಬಾರಿಸುತ್ತಲೇ ಇರುತ್ತದೆ. ಹಾಗಾಗಿ 'ದಿನಾ ಕೇಳಿಸಿದರೆ ರೂಢಿ ಆಗುತ್ತೆ' ಎಂದು ಅವನನ್ನು ಹಿಡಿದು ಮಿಕ್ಸಿ ಮುಂದೆ ನಿಲ್ಲಿಸಬೇಡಿ. ರೂಢಿ ಆಗುವ ಬದಲು ಅಡುಗೆಮನೆಗೇ ಹೆದರುತ್ತಾನೆ. ಆಮೇಲೆ ಜಾರ್ ಕಂಡರೂ ಸಾಕು, ಕಿರುಚಾಟ.

ಹಿರಿಯರಿಗೆ ಹೇಳಲು ಒಂದು ಮಾತು ಬೇಕಿದ್ದರೆ ಇದನ್ನು ಹೇಳಿ. ಇದು ಇವತ್ತು ನಿನ್ನೆ ಹುಟ್ಟಿದ ಕಾಯಿಲೆಯ ಹೆಸರಲ್ಲ. ಲಿಯೊ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 1943ರಲ್ಲಿ 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಮೊದಲ ದೊಡ್ಡ ಲೇಖನ ಬರೆದಾಗಲೇ, ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಹರಿಯುವ ನೀರಿನಂಥವಕ್ಕೆ ಈ ಮಕ್ಕಳು ಬೆಚ್ಚಿಬೀಳುವುದನ್ನು ಗುರುತಿಸಿದ್ದರು. ಅದು ಆಟಿಸಂ ಗುರುತಿಸುವ ಅಧಿಕೃತ ಪಟ್ಟಿಗೆ ಸೇರಲು ಮಾತ್ರ 70 ವರ್ಷ ಹಿಡಿಯಿತು. 2013ರಲ್ಲಿ ಬಂದ ಡಿಎಸ್ಎಂ-5 ಎಂಬ, ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಕೈಪಿಡಿಯಲ್ಲಿ, ಶಬ್ದ, ಸ್ಪರ್ಶ, ನೋವಿನಂಥವಕ್ಕೆ ಅತಿಯಾಗಿ ಇಲ್ಲವೇ ತೀರಾ ಕಡಿಮೆ ಸ್ಪಂದಿಸುವುದು ಆಟಿಸಂನ ಲಕ್ಷಣಗಳಲ್ಲಿ ಒಂದಾಯಿತು. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಲ್ಲೂ, ಬೆಳವಣಿಗೆ ನಿಧಾನ ಇರುವವರಲ್ಲೂ, ತಿಂಗಳು ತುಂಬುವ ಮೊದಲೇ ಹುಟ್ಟಿದವರಲ್ಲೂ ಇದು ಕಾಣುತ್ತದೆ. ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲೂ ಅಂಗಿಯ ಲೇಬಲ್ ಚುಚ್ಚುತ್ತದೆ ಎಂದು ಅಳುವವರು ಇದ್ದಾರೆ. ದಿನದ ಬದುಕಿಗೆ ಅಡ್ಡ ಬಂದಾಗ ಮಾತ್ರ ನಾವು ಅದನ್ನು ತೊಂದರೆ ಅನ್ನುವುದು.

ಒಂದೇ ಮಗು ಶಬ್ದಕ್ಕೆ ಇಷ್ಟು ಸೂಕ್ಷ್ಮ, ನೋವಿಗೆ ಅಷ್ಟು ದಪ್ಪ ಚರ್ಮ ಹೇಗೆ ಎಂಬುದು ನಿಮ್ಮ ಮನಸ್ಸಿನಲ್ಲಿರಬಹುದು. ಶಾಲೆಯಲ್ಲಿ ನಮಗೆ ಐದು ಇಂದ್ರಿಯ ಅಂತ ಕಲಿಸಿದರು. ಇನ್ನೂ ಮೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು, ಒಳಕಿವಿಯಲ್ಲಿರುವ ಸಮತೋಲನದ ಇಂದ್ರಿಯ. ಎರಡನೆಯದು ಸ್ನಾಯು ಮತ್ತು ಕೀಲುಗಳಿಂದ ಬರುವ ಸುದ್ದಿ. ಕಣ್ಣು ಮುಚ್ಚಿದರೂ ನಿಮ್ಮ ಮೊಣಕೈ ಎಲ್ಲಿದೆ ಎಂದು ಹೇಳುವುದು ಇದೇ. ಮೂರನೆಯದು ಹಸಿವು, ಬಾಯಾರಿಕೆ, ಮೂತ್ರ, ಹೊಟ್ಟೆನೋವು ಇಂಥ ಮೈಯೊಳಗಿನ ಸುದ್ದಿ. ಪ್ರತಿಯೊಂದಕ್ಕೂ ದನಿ ಏರಿಸುವ, ಇಳಿಸುವ ಗುಂಡಿ ಬೇರೆ ಬೇರೆ ಎಂದುಕೊಳ್ಳಿ. ಒಂದು ತುಂಬಾ ಮೇಲಿದ್ದು ಇನ್ನೊಂದು ಕೆಳಗಿರುವುದರಲ್ಲಿ ಆಶ್ಚರ್ಯ ಇಲ್ಲ. ಅದೇ ಗುಂಡಿ ಬೆಳಿಗ್ಗೆ ಒಂದು ಕಡೆ, ಸುಸ್ತಾದ ಸಂಜೆ ಇನ್ನೊಂದು ಕಡೆ ಇರುವುದೂ ಉಂಟು.

ಸೋಫಾದಿಂದ ಹಾರುವುದು, ಕಾಲರ್ ಅಗಿಯುವುದು ಆ ಎರಡನೇ ಇಂದ್ರಿಯದ ಹಸಿವು ಇರಬಹುದು. ಹಾರಿ ನೆಲಕ್ಕೆ ಬಿದ್ದಾಗ ಕೀಲುಗಳಿಗೆ ಜೋರು ಸುದ್ದಿ ಹೋಗುತ್ತದೆ. ಗಟ್ಟಿಯಾಗಿ ಅಗಿದಾಗ ದವಡೆಗೂ ಅಷ್ಟೇ. ಹಾಗಾಗಿ 'ಹಾರಬೇಡ' ಎಂದು ದಿನಕ್ಕೆ ಐವತ್ತು ಸಲ ಹೇಳುವ ಬದಲು ಎಲ್ಲಿ ಹಾರಬಹುದು ಎಂದು ತೋರಿಸಿ. ನೆಲಕ್ಕೆ ಹಳೆಯ ಹಾಸಿಗೆ ಹಾಕಿ. ಬಟ್ಟೆ ತುಂಬಿದ ಬುಟ್ಟಿಯನ್ನು ರೂಮಿನಿಂದ ರೂಮಿಗೆ ತಳ್ಳಲಿ. ದಿಂಬುಗಳ ನಡುವೆ ನುಸುಳಲಿ, ಗೋಡೆಯನ್ನು 'ಸರಿಸಲಿ'. ಅಗಿಯಲು ಅದಕ್ಕೆಂದೇ ಮಾಡಿದ ರಬ್ಬರ್ ಆಟಿಕೆ ಕೊಡಬಹುದು, ತುಂಡಾಗದಂಥದ್ದು ಇರಲಿ. ಕಾಲರ್ ಬಿಟ್ಟು ಮಣ್ಣು, ಸುಣ್ಣ, ಕಾಗದ ತಿನ್ನಲು ಶುರು ಮಾಡಿದರೆ ಅದನ್ನು ಸುಮ್ನೆ ಸೆನ್ಸರಿ ಎಂದು ಬಿಡಬೇಡಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಸೀಸ ಹೊಟ್ಟೆಗೆ ಹೋಗಿದೆಯೇ ಎಂದೂ ಡಾಕ್ಟರು ನೋಡುತ್ತಾರೆ.

ಮಂಡಿಯ ಗಾಯದ ವಿಷಯ ಸ್ವಲ್ಪ ಗಂಭೀರ. ಅವನು ಅಳಲಿಲ್ಲ ಎಂದರೆ ನೋವಾಗಲಿಲ್ಲ ಎಂದು ಅರ್ಥ ಅಲ್ಲ. ನೋವನ್ನು ಮುಖದಲ್ಲಿ ತೋರಿಸಲು, ಅಮ್ಮನ ಹತ್ತಿರ ಓಡಿಬಂದು ಹೇಳಲು ಬಾರದೇ ಇರಬಹುದು. ಇಂಥ ಮಕ್ಕಳಲ್ಲಿ ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆ ಇವೆಲ್ಲ 'ಇದ್ದಕ್ಕಿದ್ದಂತೆ ಜಾಸ್ತಿಯಾದ ಹಟ'ದ ವೇಷದಲ್ಲಿ ಬರುತ್ತವೆ. ನಿನ್ನೆಯವರೆಗೆ ಸುಮಾರಾಗಿ ತಡೆದುಕೊಳ್ಳುತ್ತಿದ್ದ ಶಬ್ದಕ್ಕೆ ಈ ವಾರ ಹುಚ್ಚೆದ್ದು ಅತ್ತರೆ ನಾನು ಮೊದಲು ನೋಡುವುದು ಕಿವಿ, ಬಾಯಿ, ಹೊಟ್ಟೆ. ಶ್ರವಣ ಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ ಮಾಡಿಸಿಬಿಡಿ. ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಕೆಲವು ಶಬ್ದ ಸರಿಯಾಗಿ ಕೇಳದ ಮಗುವಿಗೂ ಜೋರು ಶಬ್ದ ಹಿಂಸೆ ಆಗಬಹುದು.

ಈಗ ಬ್ರಷ್, ಜಾಕೆಟ್ ವಿಷಯಕ್ಕೆ ಬರೋಣ. ಇಲ್ಲಿ ನನ್ನ ಅಭಿಪ್ರಾಯ ಕೆಲವು ಸಹೋದ್ಯೋಗಿಗಳಿಗೆ ಇಷ್ಟ ಆಗಲಿಕ್ಕಿಲ್ಲ.

ಇದಕ್ಕೆಲ್ಲ ಮೂಲ ಜೀನ್ ಏರ್ಸ್ ಎಂಬ ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ಓಟಿ, ಅಂದರೆ ದಿನದ ಕೆಲಸಗಳನ್ನು ಮಾಡಲು ಕಲಿಸುವ ಚಿಕಿತ್ಸಕರು). ಇಂದ್ರಿಯಗಳಿಂದ ಬರುವ ಸುದ್ದಿಯನ್ನು ಮಿದುಳು ಹೇಗೆ ಜೋಡಿಸಿಕೊಳ್ಳುತ್ತದೆ ಎಂಬುದನ್ನು ಹಿಡಿದು ಅವರು ಸೆನ್ಸರಿ ಇಂಟಿಗ್ರೇಷನ್ ಎಂಬ ಚಿಕಿತ್ಸೆ ಬೆಳೆಸಿದರು. ಅದರ ಮುಖ್ಯ ಪುಸ್ತಕ ಬಂದದ್ದು 1972ರಲ್ಲಿ. ಅವರ ಪದ್ಧತಿಯಲ್ಲಿ ಉಯ್ಯಾಲೆ, ಹತ್ತುವ ಏಣಿ, ಹಾಸಿಗೆಗಳು ತುಂಬಿದ ಕೋಣೆ ಇರುತ್ತದೆ. ಆಟ ಮಗುವಿನ ಆಯ್ಕೆ. ಥೆರಪಿಸ್ಟ್ ಅದನ್ನು ಒಂಚೂರು ಕಷ್ಟ ಮಾಡುತ್ತಾ ಹೋಗುತ್ತಾರೆ. ದಿನಕ್ಕೆ ಹಲವು ಸಲ ಬ್ರಷ್ ಉಜ್ಜುವ ಕ್ರಮ ಆಮೇಲೆ ಬೇರೆಯವರು ರೂಪಿಸಿದ್ದು.

ಕೆಲಸ ಮಾಡುತ್ತದಾ? 2013ರಲ್ಲಿ 32 ಮಕ್ಕಳ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದ ಮಕ್ಕಳು ತಂದೆತಾಯಿ ಹಾಕಿಕೊಂಡ ಗುರಿಗಳಲ್ಲಿ ಹೆಚ್ಚು ಮುಂದೆ ಬಂದರು. ಆದರೆ 2022ರಲ್ಲಿ ಬ್ರಿಟನ್‌ನಿಂದ 138 ಮಕ್ಕಳ ಅಧ್ಯಯನದ ಫಲಿತಾಂಶ ಬಂತು. ಸಾಮಾನ್ಯ ಆರೈಕೆಗೆ ಹೋಲಿಸಿದರೆ ಸಿಟ್ಟು, ಕಿರಿಕಿರಿಯಂಥ ವರ್ತನೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ, ಇಂಥ ಚಿಕಿತ್ಸೆಯನ್ನು ಒಟ್ಟು ಯೋಜನೆಯ ಒಂದು ಭಾಗವಾಗಿ ಮಾಡಬಹುದು, ಆದರೆ ಸಾಕ್ಷ್ಯ ಕಡಿಮೆ ಎಂದು ತಂದೆತಾಯಿಗೆ ತಿಳಿಸಿ ಎಂದು ವೈದ್ಯರಿಗೆ ಹೇಳಿತ್ತು. ಬ್ರಷ್ ಉಜ್ಜುವುದಕ್ಕಂತೂ ಗಟ್ಟಿ ಆಧಾರ ಇಲ್ಲ. ದಿನವಿಡೀ ಎರಡೆರಡು ಗಂಟೆಗೊಮ್ಮೆ ಒಲ್ಲೆ ಎನ್ನುವ ಮಗುವನ್ನು ಹಿಡಿದು ಉಜ್ಜುವುದು, ನನ್ನ ಕಣ್ಣಿಗೆ, ಮುಟ್ಟಿದರೆ ಹೆದರುವ ಮಗುವನ್ನು ಇನ್ನಷ್ಟು ಮುಟ್ಟಿ ಹೆದರಿಸುವುದು. ನಿಮ್ಮ ಮಗ ಖುಷಿಯಿಂದ ಬೆನ್ನು ಕೊಡುತ್ತಾನಾದರೆ ಉಜ್ಜಿ, ನನ್ನ ತಕರಾರಿಲ್ಲ. ಇಲ್ಲವೆಂದರೆ ಬಿಟ್ಟುಬಿಡಿ, ತಪ್ಪು ಮಾಡಿದೆ ಅನ್ನಿಸಿಕೊಳ್ಳಬೇಡಿ.

ಭಾರದ ಜಾಕೆಟ್ ಹಾಕಿದರೆ ಮಗು ಜಾಸ್ತಿ ಹೊತ್ತು ಕೂರುತ್ತದೆ, ಗಮನ ಕೊಡುತ್ತದೆ ಎಂಬ ಭರವಸೆಯೂ ಅಧ್ಯಯನಗಳಲ್ಲಿ ನಿಂತಿಲ್ಲ. ಭಾರದ ಹೊದಿಕೆಯ ಕಥೆ ತಮಾಷೆಯದು. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 67 ಮಕ್ಕಳಿಗೆ ಸ್ವಲ್ಪ ದಿನ ಭಾರದ ಹೊದಿಕೆ, ಸ್ವಲ್ಪ ದಿನ ಮಾಮೂಲು ಹೊದಿಕೆ ಕೊಟ್ಟು ನೋಡಿದರು. ನಿದ್ದೆ ಒಂದಿಷ್ಟೂ ಹೆಚ್ಚಲಿಲ್ಲ. ಆದರೂ ಮಕ್ಕಳಿಗೂ ತಂದೆತಾಯಿಗೂ ಭಾರದ್ದೇ ಇಷ್ಟವಾಯಿತು! ಇಷ್ಟ ಆಗುವುದಕ್ಕೂ ಬೆಲೆ ಇದೆ, ಚಿಕಿತ್ಸೆ ಎಂದು ಕರೆಯುವಷ್ಟಿಲ್ಲ, ಅಷ್ಟೇ. ಆ ಅಧ್ಯಯನದಲ್ಲಿದ್ದವರು 5 ವರ್ಷ ಮೇಲ್ಪಟ್ಟವರು. ನಿಮ್ಮ ಮಗನಷ್ಟು ಚಿಕ್ಕವರಿಗೆ ಮಲಗುವಾಗ ಭಾರದ್ದು ಏನೂ ಬೇಡ. ಎಚ್ಚರ ಇರುವಾಗಲೂ ಅವನೇ ತೆಗೆದುಹಾಕಲು ಬರುವಂತಿರಬೇಕು.

ಥೆರಪಿ ನಿಲ್ಲಿಸಿ ಎಂದು ಇದರ ಅರ್ಥ ಅಲ್ಲ. ಒಳ್ಳೆಯ ಓಟಿ ಒಬ್ಬರು ಮನೆಯ ಅರ್ಧ ಜಗಳ ಕಡಿಮೆ ಮಾಡಬಲ್ಲರು. ಮುಂದಿನ ಸಲ ಹೋದಾಗ ಒಂದೇ ಪ್ರಶ್ನೆ ಕೇಳಿ: 'ಇದರಿಂದ ಮನೆಯಲ್ಲಿ ಯಾವ ಕೆಲಸ ಸುಲಭ ಆಗಬೇಕು, ಎಷ್ಟು ವಾರದಲ್ಲಿ?' 'ಉಗುರು ಕತ್ತರಿಸಲು ಒಬ್ಬರೇ ಸಾಕಾಗಬೇಕು, ಎಂಟು ವಾರ ನೋಡೋಣ' ಎಂಬಂಥ ಉತ್ತರ ಬಂದರೆ ಅವರ ಜೊತೆ ಮುಂದುವರಿಯಿರಿ. 'ಮಿದುಳಿನ ಇಂಟಿಗ್ರೇಷನ್ ಸುಧಾರಿಸುತ್ತೆ' ಎಂದಷ್ಟೇ ಹೇಳಿದರೆ ಇನ್ನೊಮ್ಮೆ ಕೇಳಿ.

ರೂಢಿ ಮಾಡಿಸಬೇಕಾ, ದೂರ ಇಡಬೇಕಾ ಎಂದಿರಿ. ಎರಡೂ ಅಲ್ಲ. ಮೊದಲು ಶಬ್ದ ತಗ್ಗಿಸಿ, ಆಮೇಲೆ ಸ್ವಿಚ್ಚನ್ನು ಅವನ ಕೈಗೆ ಕೊಡಿ. ತಟ್ಟೆಯ ಗುಟ್ಟು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮಿಕ್ಸಿ ಕೆಳಗೆ ದಪ್ಪ ಟವೆಲ್ ಮಡಿಸಿ ಹಾಕಿ, ಆದರೆ ಮೋಟರಿನ ಗಾಳಿಕಿಂಡಿ ಮುಚ್ಚದಂತೆ ನೋಡಿಕೊಳ್ಳಿ. ಬಾಗಿಲು ಹಾಕಿ. ಆಗುವ ದಿನ ಅವನು ಹೊರಗೆ ಹೋದಾಗಲೇ ಆ ಕೆಲಸ ಮುಗಿಸಿ. ಎರಡು ವಾರ ಇಷ್ಟೇ ಮಾಡಿ. ಆಮೇಲೆ ಒಂದು ಬಿಡುವಿನ ಬೆಳಿಗ್ಗೆ ಖಾಲಿ ಜಾರನ್ನು ಅವನ ಮುಂದಿಡಿ. ಪ್ಲಗ್ ಹಾಕಬೇಡಿ. ಬ್ಲೇಡ್ ಇಲ್ಲದ ಪಾತ್ರೆಯಾದರೆ ಇನ್ನೂ ಒಳ್ಳೆಯದು. ಮುಟ್ಟಲಿ, ಮುಚ್ಚಳ ಹಾಕಲಿ ತೆಗೆಯಲಿ. ಇನ್ನೊಂದು ದಿನ ಮಿಕ್ಸಿಯ ಶಬ್ದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿಸಿಯೂ ಕೇಳಿಸದಷ್ಟು ಸಣ್ಣಗೆ ಇಟ್ಟು, ಶುರು ಮಾಡುವ ನಿಲ್ಲಿಸುವ ಗುಂಡಿ ಅವನಿಗೇ ಬಿಡಿ. ಅವನು ಒತ್ತುತ್ತಾನೆ, ನಿಲ್ಲಿಸುತ್ತಾನೆ, ನಿಮ್ಮ ಮುಖ ನೋಡುತ್ತಾನೆ, ಮತ್ತೆ ಒತ್ತುತ್ತಾನೆ. ಈ ಆಟ ಎಷ್ಟು ದಿನ ಬೇಕಾದರೂ ನಡೆಯಲಿ. ಕೊನೆಗೆ ನಿಜವಾದ ಮಿಕ್ಸಿ. ಅವನು ಬಾಗಿಲ ಬಳಿ ನಿಮ್ಮವರೊಬ್ಬರ ತೋಳಿನಲ್ಲಿ. ನೀವು 'ಒಂದು, ಎರಡು, ಮೂರು' ಎಂದು ಒಂದೇ ಒಂದು ಸೆಕೆಂಡು ತಿರುಗಿಸಿ 'ಮುಗೀತು' ಎನ್ನಿ. ಮುಗಿದಿರಲೇಬೇಕು. ಅವತ್ತು 'ಇನ್ನೊಂದೇ ಸಲ' ಎಂದು ಮತ್ತೆ ಹಾಕಿದರೆ ಆ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ, ಮತ್ತೆ ಕಟ್ಟಲು ತಿಂಗಳು ಬೇಕು. ಯಾವ ಹಂತದಲ್ಲಾದರೂ ಅವನ ಕೈ ಕಿವಿಗೆ ಹೋದರೆ ಹಿಂದಿನ ಹಂತಕ್ಕೆ ಬನ್ನಿ. ಅವನು ಮಿಕ್ಸಿಯನ್ನು ಇಷ್ಟಪಡಬೇಕಾಗಿಲ್ಲ, ತಡೆದುಕೊಂಡರೆ ಸಾಕು.

ಕಿವಿ ಮೇಲೆ ಹಾಕುವ ಶಬ್ದ ತಡೆಯುವ ಹೆಡ್‌ಫೋನ್ ಒಂದು ಕೈಗೆ ಸಿಗುವಂತಿರಲಿ. ಜನಜಂಗುಳಿಗೆ, ಪ್ರಯಾಣಕ್ಕೆ ಬೇಕು. ಆದರೆ ಮನೆಯಲ್ಲಿ ಇಡೀ ದಿನ ಹಾಕಬೇಡಿ. ತೀರಾ ನಿಶ್ಶಬ್ದಕ್ಕೆ ಒಗ್ಗಿದ ಕಿವಿಗೆ ಮಾಮೂಲು ಶಬ್ದವೂ ಜೋರಾಗುವ ಸಾಧ್ಯತೆ ಇದೆ. ಅಲ್ಲದೆ ಇದು ಅವನು ಮಾತು ಕಲಿಯುವ ವಯಸ್ಸು.

ಉಗುರಿಗೂ ಇದೇ ದಾರಿ. ಹಗುರವಾಗಿ ತಾಕುವುದು ಇಂಥ ಮಕ್ಕಳಿಗೆ ಬೆಚ್ಚಿಸುತ್ತದೆ, ಗಟ್ಟಿಯಾಗಿ ಒತ್ತುವುದನ್ನು ಹೆಚ್ಚಿನವರು ಸಹಿಸುತ್ತಾರೆ. ನಾವು ಮಾಡುವುದು ಉಲ್ಟಾ. ಹೆದರುತ್ತಾನೆಂದು ಬೆರಳ ತುದಿಯನ್ನು ಮೆಲ್ಲಗೆ, ಮುಟ್ಟಿಯೂ ಮುಟ್ಟದಂತೆ ಹಿಡಿಯುತ್ತೇವೆ. ಸ್ನಾನ ಆದ ಮೇಲೆ ಉಗುರು ಮೆತ್ತಗಿರುವಾಗ ಅವನನ್ನು ಎದುರಿಗಲ್ಲ, ನಿಮ್ಮ ತೊಡೆಯ ಮೇಲೆ, ಬೆನ್ನು ನಿಮ್ಮ ಎದೆಗೆ ತಾಗುವಂತೆ ಕೂರಿಸಿಕೊಳ್ಳಿ. ಅಂಗೈಯನ್ನು ಪೂರ್ತಿ ನಿಮ್ಮ ಅಂಗೈಯಲ್ಲಿಟ್ಟು ಹಿಸುಕಿ. ಪ್ರತಿ ಬೆರಳ ತುದಿಯನ್ನೂ ಒಂದೆರಡು ಸೆಕೆಂಡು ಒತ್ತಿ ಬಿಡಿ. ಮೊದಲು ಉಗುರು ಉಜ್ಜುವ ಕಾಗದವನ್ನು ಅವನ ಕೈಗೆ ಕೊಟ್ಟು ನಿಮ್ಮ ಉಗುರು ಉಜ್ಜಿಸಿ. ಕಟ್ಟರ್‌ನ 'ಟಿಕ್' ಸದ್ದೇ ಅವನಿಗೆ ಆಗದಿರಬಹುದು, ಹಾಗಿದ್ದರೆ ಚಿಕ್ಕ ಕತ್ತರಿ ಬಳಸಿ ನೋಡಿ. ಇವತ್ತು ಒಂದೇ ಬೆರಳು ಆಯಿತೇ? ಒಂದೇ ಸಾಕು. ದಿನಕ್ಕೊಂದರಂತೆ ಹತ್ತು ದಿನಕ್ಕೆ ಹತ್ತು ಬೆರಳು, ಇಬ್ಬರು ಹಿಡಿದುಕೊಳ್ಳುವುದಕ್ಕಿಂತ ವಾಸಿ ಅಲ್ವಾ?

ಇದರ ಜೊತೆ ಹತ್ತು ದಿನ ಒಂದು ಪುಸ್ತಕದಲ್ಲಿ ಬರೆದಿಡಿ. ಕಿರುಚಿದ್ದು ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ಯಾರು ಏನು ಮಾಡಿದರು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು. ಎರಡು ಸಾಲು ಸಾಕು. ತಂದೆತಾಯಿ ತಂದ ಇಂಥ ಪುಸ್ತಕಗಳಿಂದ ನಾನು ಕಲಿತದ್ದು ಪ್ರಶ್ನಾವಳಿಗಳಿಂದ ಕಲಿತದ್ದಕ್ಕಿಂತ ಜಾಸ್ತಿ. ಎಷ್ಟೋ ಸಲ ಶಬ್ದ ನೆಪ, ಅಸಲಿ ಕಾರಣ ಹಸಿವು ಆಗಿರುತ್ತದೆ.

ಹಾಗೆಂದು ಹಿರಿಯರು ಹೇಳುವುದೆಲ್ಲ ಸುಳ್ಳಲ್ಲ. ಆಟಿಸಂ ಇರುವ ಮಗುವೂ ಮಗುವೇ, ಹಟ ಮಾಡುತ್ತದೆ. ಗುರುತಿಸುವುದು ಹೇಗೆ? ಹಟ ಮಾಡುವ ಮಗು ಅಳುವಿನ ನಡುವೆ ನಿಮ್ಮನ್ನು ಓರೆಗಣ್ಣಿನಲ್ಲಿ ನೋಡುತ್ತದೆ. ಕೇಳಿದ್ದು ಸಿಕ್ಕರೆ ಅಳು ನಿಲ್ಲುತ್ತದೆ. ತಡೆಯಲಾರದೆ ಕುಸಿದ ಮಗುವಿಗೆ ನೋಡುವವರು ಇದ್ದಾರಾ ಇಲ್ಲವಾ ಎಂಬುದೇ ಬೇಕಿಲ್ಲ. ಕೇಳಿದ್ದು ಕೊಟ್ಟರೂ ನಿಲ್ಲುವುದಿಲ್ಲ, ಮುಗಿದ ಮೇಲೆ ಸುಸ್ತಾಗಿ ಮಲಗಿಬಿಡುತ್ತದೆ. ಆಗ ಬುದ್ಧಿ ಹೇಳಬೇಡಿ. 'ಏನಾಯ್ತು ಪುಟ್ಟಾ' ಎಂದು ನಾಲ್ಕು ಜನ ಸುತ್ತುವರಿಯುವುದೂ ಇನ್ನೊಂದು ಶಬ್ದವೇ. ಲೈಟ್ ಆರಿಸಿ, ಒಬ್ಬರು ಮಾತ್ರ ಹತ್ತಿರ ಕೂತಿರಿ, ಕಾಯಿರಿ.

ಪ್ಲೇಸ್ಕೂಲಿಗೆ ಸೇರಿಸುವಾಗ ಟೀಚರಿಗೆ ಎರಡು ವಿಷಯ ಹೇಳಿ: ಗಂಟೆ ಬಾರಿಸುವ ಮುಂಚೆ ಅವನಿಗೆ ತಿಳಿಸಬೇಕು, ಹೋಗಿ ಕೂರಲು ಒಂದು ಮೂಲೆ ಇರಬೇಕು.

ಕಾಯದೆ ಡಾಕ್ಟರ ಬಳಿ ಹೋಗಬೇಕಾದ ಸಂದರ್ಭಗಳೂ ಇವೆ. ತಿನ್ನುವ ಪದಾರ್ಥಗಳು ಒಂದೊಂದೇ ಬಿಟ್ಟುಹೋಗಿ ನಾಲ್ಕೈದಕ್ಕೆ ಇಳಿದರೆ ಅಥವಾ ತೂಕ ನಿಂತರೆ ಹೋಗಿ. ತಲೆ ಗೋಡೆಗೆ ಬಡಿದುಕೊಂಡರೆ, ತನ್ನ ಕೈ ತಾನೇ ಕಚ್ಚಿಕೊಂಡರೆ, ಇದ್ದ ಮಾತು ಕಳೆದುಹೋದರೆ ತಡ ಮಾಡಬೇಡಿ.

ಇದು ಹೋಗುತ್ತದಾ ಎಂದು ನೀವು ಕೇಳಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಬೆಳೆದಂತೆ ಬದಲಾಗುತ್ತದೆ, ಪೂರ್ತಿ ಹೋಗದೆಯೂ ಇರಬಹುದು. ದೊಡ್ಡವರಾದ ಆಟಿಸಂ ಇರುವವರು ಈಗಲೂ ಕೆಲವು ಶಬ್ದ ಆಗುವುದಿಲ್ಲ ಎನ್ನುತ್ತಾರೆ. ಅವರು ಎದ್ದು ಹೊರಗೆ ಹೋಗಬಲ್ಲರು, ನಿಲ್ಲಿಸಿ ಎಂದು ಹೇಳಬಲ್ಲರು. ನಿಮ್ಮ ಮಗನ ಇಪ್ಪತ್ತು ಪದಗಳ ಜೊತೆಗೆ ಇನ್ನೊಂದು ಪದ ಕಲಿಸುವುದಾದರೆ ನಾನು 'ಸಾಕು' ಎಂಬುದನ್ನು ಆರಿಸುತ್ತೇನೆ. ಬಾಯಲ್ಲಿ ಬಾರದಿದ್ದರೆ ಕೈ ಸನ್ನೆ, ಇಲ್ಲವೇ ಒಂದು ಚಿತ್ರದ ಕಾರ್ಡ್. ಅವನು ತೋರಿಸಿದಾಗಲೆಲ್ಲ ಮೊದಮೊದಲು ಏನೇ ಇದ್ದರೂ ನಿಲ್ಲಿಸಿ, ಉಗುರು ಅರ್ಧ ಕತ್ತರಿಸಿದ್ದರೂ ಸರಿ.

ಕೊನೆಗೆ ಆ ತಟ್ಟೆ. ಅರ್ಧ ಗಂಟೆ ಸ್ಟೀಲ್ ಸದ್ದು ಕೇಳಿ ಮನೆಯವರ ತಲೆ ಸಿಡಿಯುತ್ತಿರಬೇಕು. ನಿಮ್ಮ ಕಿವಿಗೂ ಮಿತಿ ಇದೆ. ಕಿತ್ತುಕೊಳ್ಳಬೇಡಿ, ಕೆಳಗೊಂದು ಚಾಪೆ ಹಾಕಿ ನೋಡಿ. ಸದ್ದು ಬದಲಾಯಿತೆಂದು ಅವನು ಚಾಪೆ ಬಿಟ್ಟು ನೆಲ ಹುಡುಕಿದರೆ ಅವನಿಗೆ ಬೇಕಿದ್ದದ್ದು ಆ ಸದ್ದು. ಚಾಪೆಯ ಮೇಲೂ ಬಡಿಯುತ್ತಲೇ ಇದ್ದರೆ, ಬೇಕಿದ್ದದ್ದು ಕೈಗೆ ಸಿಗುವ ಪೆಟ್ಟು. ಯಾವುದು ಎಂದು ಆ ಪುಸ್ತಕದಲ್ಲಿ ಬರೆದು, ಓಟಿಗೆ ತೋರಿಸಿ.